ಅನುಮಾನಕ್ಕೂ ಒಂದು ಲೆಕ್ಕದ ಪುಸ್ತಕ ಇಟ್ಟೆ: ಬಳ್ಳಾರಿಯಲ್ಲಿ ಸ್ವಂತ ಜೀನ್ಸ್ ಲೇಬಲ್ ಮಾಡಿದ ನನ್ನ ಅನುಭವ

ಹೋದ ತಿಂಗಳು ನನ್ನ ಸ್ವಂತ ಲೇಬಲ್ಲಿನ ಪ್ಯಾಂಟು ಹತ್ತಿರ ಹತ್ತಿರ 1,200 ಹೋಯಿತು. ವಾಪಸ್ ಬಂದದ್ದು ಹನ್ನೊಂದೋ ಹನ್ನೆರಡೋ. ಬಳ್ಳಾರಿಯದೇ ಮುಂಡರಗಿ ಕಡೆ ದೊಡ್ಡ ಯೂನಿಟ್ ಇಟ್ಟವರಿಗೆ ಇದು ಲೆಕ್ಕವೇ ಅಲ್ಲ, ಗೊತ್ತು. ಆದರೆ ಕೌಲ್‌ಬಜಾರಿನ ಬಾಡಿಗೆ ಶೆಡ್ಡಿನಲ್ಲಿ ಆರು ಮಷಿನ್ ಇಟ್ಟುಕೊಂಡು ಇಷ್ಟು ಮಾಡಿದ್ದೇನೆ, ಅದೂ ಮೂರು ಸಲ ಮುಳುಗಿದ ಮೇಲೆ. ಆಗ 'ಇವನ ಕೈಲಿ ಆಗಲ್ಲ' ಅಂದವರೇ ಈಗ ಬಂದು ಹೇಗೆ ಮಾಡಿದೆ ಅಂತ ಕೇಳುತ್ತಾರೆ. ಹೊಲಿಗೆ, ಕಟಿಂಗ್ ನಿಮಗೆಲ್ಲ ಗೊತ್ತು, ಅದನ್ನು ಹೇಳಲ್ಲ. ಮನಸ್ಸು ಬೇಡ ಬೇಡ ಅಂತಿದ್ದಾಗ ಹೇಗೆ ನಿಂತೆ ಅನ್ನೋದನ್ನು ಹೇಳುತ್ತೇನೆ.

ನಾನು ಹದಿನಾರನೇ ವಯಸ್ಸಿಗೇ ಮಷಿನ್ ಮೇಲೆ ಕೂತವನು. ಹನ್ನೆರಡು ವರ್ಷ ಪೀಸ್ ಲೆಕ್ಕದ ಕೆಲಸ. 2018ರಲ್ಲಿ ಮುದ್ರಾ ಸಾಲ 50,000 ಸಿಕ್ಕಿತು, ಹೆಂಡತಿಯ ಬಂಗಾರ ಅಡ ಇಟ್ಟು ಇನ್ನೊಂದು ಲಕ್ಷ ಸೇರಿಸಿದೆ. ಮೊದಲ ಲಾಟಿಗೇ 300 ಪೀಸ್ ಹಾಕಿದೆ. ಲೈಕ್ರಾ, ಅಂದರೆ ಹಿಗ್ಗುವ ನೂಲು ಇರುವ ಡೆನಿಮ್, ಕಡಿಮೆ ರೇಟಿಗೆ ಸಿಕ್ಕಿತು ಅಂತ ಎರಡು ಬೇರೆ ಬೇರೆ ಥರದ ರೋಲ್ ತಂದು ಒಂದೇ ಲೇಯಲ್ಲಿ (ಒಟ್ಟಿಗೆ ಕತ್ತರಿಸಲು ಒಂದರ ಮೇಲೊಂದು ಹಾಸುವ ಬಟ್ಟೆ) ಹಾಸಿಬಿಟ್ಟೆ. ಹೊಲಿದ ಪ್ಯಾಂಟು ವಾಷಿಂಗ್ ಯೂನಿಟ್‌ನಿಂದ ಬಂದ ಮೇಲೆ ಟೇಪ್ ಹಿಡಿದರೆ 34ರ ಸೊಂಟ ಅರ್ಧ ಮಾಲಿನಲ್ಲಿ 32 ಆಗಿತ್ತು. ಅವತ್ತು ರಾತ್ರಿ ಶೆಡ್ಡಿನಲ್ಲಿ ಒಬ್ಬನೇ ಕೂತು ಒಂದೊಂದೇ ಪ್ಯಾಂಟು ಅಳೆದೆ, ಬೆಳಗಿನ ಮೂರು ಗಂಟೆಯ ತನಕ. ಸುಮಾರು 70,000 ಹೋಯಿತು.

ಎರಡನೇ ಸಲ ಮಾಲು ಚೆನ್ನಾಗಿತ್ತು, ಉದ್ರಿ ಕೊಟ್ಟು ಕೆಟ್ಟೆ. ಜಿಎಸ್‌ಟಿ ಬಂದ ಮೇಲೆ ಬಿಲ್ ಇಲ್ಲದ ಮಾಲನ್ನು ದೊಡ್ಡ ಅಂಗಡಿಯವರು ಮುಟ್ಟುತ್ತಿರಲಿಲ್ಲ, ನನ್ನ ಹತ್ತಿರ ಇನ್ನೂ ಜಿಎಸ್‌ಟಿ ನಂಬರ್ ಇರಲಿಲ್ಲ. ಸಿಕ್ಕ ಸಣ್ಣ ಪಾರ್ಟಿಗೆಲ್ಲ, ಅಂದರೆ ಮಾಲು ಕೊಳ್ಳೋರಿಗೆಲ್ಲ, ಕೊಟ್ಟೆ. ಒಬ್ಬರು ಮೂರು ತಿಂಗಳು ಸುತ್ತಿಸಿ ಅರ್ಧ ದುಡ್ಡು, ಅರ್ಧ ಮಾಲು ವಾಪಸ್ ಕೊಟ್ಟರು. ಮೂರನೇದು 2020ರ ಲಾಕ್‌ಡೌನ್, ಅದು ಎಲ್ಲರದೂ ಒಂದೇ ಕಥೆ. ಜೇಬಿನ ಬಟ್ಟೆ ಉಳಿದಿತ್ತು, ಮಾಸ್ಕ್ ಹೊಲಿದು ಮನೆ ನಡೆಸಿದೆ.

ಅಷ್ಟೊತ್ತಿಗೆ ಸಾಲ ಎರಡೂವರೆ ಲಕ್ಷ ದಾಟಿತ್ತು. ಮಾವನವರು ಮನೆಗೆ ಬಂದು, "ಅಳಿಯಂದಿರೇ, ಬೇರೆಯವರ ಮಾಲು ಹೊಲಿದು ಕೊಡೋ ಜಾಬ್ ವರ್ಕ್ ಮಾಡ್ಕೊಂಡು ಆರಾಮ ಇರಬಾರದಾ, ನಿಮಗ್ಯಾಕ್ರಿ ಈ ಲೇಬಲ್ಲು?" ಅಂದರು. ಅವರ ಮೇಲೆ ಸಿಟ್ಟು ಬರಲಿಲ್ಲ. ನನ್ನ ಮನಸ್ಸೂ ಅದನ್ನೇ ಹೇಳುತ್ತಿತ್ತಲ್ಲ.

ಧೈರ್ಯ ತುಂಬಿಕೊಳ್ಳಲು ಏನೇನೋ ಮಾಡಿ ನೋಡಿದೆ. ಮೊಬೈಲಿನಲ್ಲಿ ಭಾಷಣ ಕೇಳುವುದು ಎರಡು ತಿಂಗಳು ನಡೆಯಿತು. ಕೇಳುವಾಗ ರಕ್ತ ಕುದಿಯುತ್ತದೆ, ಪಾರ್ಟಿ ಫೋನ್ ಎತ್ತದೇ ಇದ್ದಾಗ ತಣ್ಣಗಾಗುತ್ತದೆ. ಗೋಡೆ ಮೇಲೆ ಗುರಿ ಬರೆದು ಅಂಟಿಸಿದ್ದೆ, ದಿನಾ ನೋಡಿ ನೋಡಿ ಅದು ಕ್ಯಾಲೆಂಡರ್ ಥರ ಆಯಿತು. ಬೆಳಿಗ್ಗೆ ಎದ್ದು ಕೋಟೆ ಗುಡ್ಡ ಹತ್ತಿದೆ. ಇದನ್ನು ಮಾತ್ರ ಬಿಟ್ಟಿಲ್ಲ. ಅನುಮಾನ ಹೋಗುತ್ತದೆ ಅಂತಲ್ಲ, ರಾತ್ರಿ ನಿದ್ದೆ ಬರುತ್ತದೆ.

ಕೆಲಸಕ್ಕೆ ಬಂದದ್ದು 200 ಪುಟದ ಒಂದು ನೋಟ್‌ಬುಕ್. ಕಾರಿಗರಿಗೆ ಪೀಸ್ ಲೆಕ್ಕ ಬರೆಯೋ ಪುಸ್ತಕದಲ್ಲೇ ಹಿಂದಿನಿಂದ ಶುರು ಮಾಡಿದೆ. 'ನಿನ್ನ ಕೈಲಿ ಆಗಲ್ಲ, ಬಿಡು' ಅಂತ ಮನಸ್ಸು ಅಂದಾಗಲೆಲ್ಲ ತಾರೀಖು, ಟೈಮು ಬರೆಯೋದು. ಪಕ್ಕದಲ್ಲಿ ಅವತ್ತು ಏನಾಯಿತು: ದುಡ್ಡು ಬಂತಾ, ಕರೆಂಟ್ ಹೋಗಿತ್ತಾ, ನಿದ್ದೆ ಎಷ್ಟು. ಅಷ್ಟೇ, ಕಥೆ ಬರೆಯುವಂತಿಲ್ಲ. ನಾಲ್ಕು ತಿಂಗಳಿಗೆ ಸುಮಾರು 70 ಸಲ ಬರೆದಿದ್ದೆ. ಒಂದು ಭಾನುವಾರ ಕೂತು ಎಣಿಸಿದೆ. ನಲವತ್ತಕ್ಕಿಂತ ಜಾಸ್ತಿ, ಪಾರ್ಟಿ ದುಡ್ಡು ಕೊಡದ ದಿನ ಬಂದವು, ಅದರಲ್ಲೂ ಶನಿವಾರ ಬಟವಾಡೆ ಮುಗಿದು ಜೇಬು ಖಾಲಿಯಾದ ರಾತ್ರಿ. ಇನ್ನೊಂದಿಪ್ಪತ್ತು ರಾತ್ರಿ ಹನ್ನೊಂದರ ಮೇಲೆ ಬಂದವು. ಕೆಲಸದ ತಪ್ಪಿನಿಂದಲೇ ಹುಟ್ಟಿದ ಅನುಮಾನ ಎಂಟೋ ಒಂಬತ್ತೋ. ಅವೂ ಎಲ್ಲ ಒಂದೇ ವಿಷಯಕ್ಕೆ, ವಾಷಿಂಗ್ ಆದ ಮೇಲೆ ಅಳತೆ ತಪ್ಪುವುದಕ್ಕೆ.

ಅವತ್ತು ನನಗಾದ ಸಮಾಧಾನ ಹೇಳಲಿಕ್ಕೆ ಬರಲ್ಲ. ಮೂರು ವರ್ಷದಿಂದ ನಾನೇ ಸರಿ ಇಲ್ಲ ಅಂದುಕೊಂಡಿದ್ದೆ. ಪುಸ್ತಕದಲ್ಲಿ ಇದ್ದದ್ದು ಎರಡೇ: ಉದ್ರಿ ಮತ್ತು ಬಟ್ಟೆಯ ಕುಗ್ಗು. ಎರಡೂ ಕೈಗೆ ಸಿಗುವಂಥವು.

ಕುಗ್ಗಿಗೆ ಮಾಡಿದ್ದು ಇಷ್ಟು. ಪ್ರತಿ ರೋಲಿನಿಂದ ಒಂದು ತುಂಡು ತೆಗೆದು, ಅದರ ಮೇಲೆ 50 ಸೆಂಟಿಮೀಟರ್ ಚೌಕ ಗೀಚಿ, ಅಂಚು ಬಿಚ್ಚದ ಹಾಗೆ ಓವರ್‌ಲಾಕ್ ಹೊಲಿಗೆ ಹಾಕಿ ವಾಷಿಂಗ್‌ಗೆ ಕಳಿಸೋದು. ಒಣಗಿ ಬಂದ ಮೇಲೆ ಮತ್ತೆ ಅಳೆಯೋದು. ಒಂದು ರೋಲಿನಲ್ಲಿ ಅಡ್ಡಕ್ಕೆ 50 ಇದ್ದದ್ದು 47 ಆಗಿ ಬಂತು, ಇನ್ನೊಂದರಲ್ಲಿ 44. ಅಂದರೆ ಒಂದು ಶೇ 6, ಇನ್ನೊಂದು ಶೇ 12. ನನ್ನ 300 ಪೀಸ್ ತಿಂದದ್ದು ಇದೇ ವ್ಯತ್ಯಾಸ. ಈಗ ಕುಗ್ಗು ನೋಡಿ ರೋಲ್ ಬೇರೆ ಮಾಡುತ್ತೇನೆ, ಕಟಿಂಗಿಗೆ ಇಡೋ ಅಳತೆಯ ಪ್ಯಾಟರ್ನೂ ಬೇರೆ. ಇದು ದೊಡ್ಡ ಯೂನಿಟ್‌ಗಳಲ್ಲಿ ದಿನಾ ಮಾಡೋದೇ, ನಮ್ಮಂಥ ಸಣ್ಣವರು ಎರಡು ದಿನ ಕಾಯೋದು ಯಾಕೆ ಅಂತ ಬಿಡುತ್ತೇವೆ. ವಾಷಿಂಗ್‌ಗೆ ನಾನು ಏನು ಹೇಳಿ ಕಳಿಸುತ್ತೇನೆ ಅನ್ನೋದು ಮಾತ್ರ ಇಲ್ಲಿ ಬರೆಯಲ್ಲ. ಅದು ಕಲಿಯಲಿಕ್ಕೆ ಎರಡು ಬೇಸಿಗೆ ಹಿಡಿದಿದೆ.

ಉದ್ರಿಗೆ ಲಾಟನ್ನೇ ಚಿಕ್ಕದು ಮಾಡಿದೆ: 60 ಪೀಸ್. ಹೋದರೂ ಇಪ್ಪತ್ತು ಸಾವಿರದ ಚಿಲ್ಲರೆ ಹೋಗುತ್ತದೆ, ಮನೆ ಹೋಗಲ್ಲ. ಕಟಿಂಗ್ ಮಾಸ್ಟರ್ ನಕ್ಕರು. "60 ಪೀಸಿಗೆ ಯಾರಾದ್ರೂ ಲೇ ಹಾಕ್ತಾರೇನಪ್ಪಾ?" ನಿಜ, ಬಟ್ಟೆ ಸ್ವಲ್ಪ ಜಾಸ್ತಿ ಹಾಳಾಗುತ್ತದೆ, ಪೀಸಿಗೆ ಏಳೆಂಟು ರೂಪಾಯಿ ಮೇಲೆ ಬೀಳುತ್ತದೆ. ಆ ಖರ್ಚು ನಾನೇ ಹೊತ್ತೆ. ಹಳೆ ದುಡ್ಡು ಬರದೆ ಹೊಸ ಲಾಟು ಯಾವ ಅಂಗಡಿಗೂ ಇಲ್ಲ ಅಂತ ಗಟ್ಟಿಯಾಗಿ ಹೇಳಿದೆ. ಗಂಗಾವತಿ, ಸಿಂಧನೂರು, ಸಿರುಗುಪ್ಪ ಸೇರಿ ಹತ್ತು ಅಂಗಡಿ ಹಿಡಿದಿದ್ದೆ, ನಾಲ್ಕು ಬಿಟ್ಟುಹೋದವು. ಉಳಿದ ಆರು ಇವತ್ತಿಗೂ ಇವೆ. ಯಾವ ಅಂಗಡಿ ನಿಲ್ಲುತ್ತದೆ ಅಂತ ಮೊದಲ ಭೇಟಿಯಲ್ಲೇ ತಿಳಿಯಲು ನನ್ನದೊಂದು ಲೆಕ್ಕ ಇದೆ, ಅದು ನನ್ನ ಹತ್ತಿರವೇ ಇರಲಿ.

ಇನ್ನೊಂದು ನಿಯಮ ಮಾಡಿಕೊಂಡೆ. ಬಿಡಬೇಕೋ ಬೇಡವೋ ಅನ್ನೋ ಮಾತು ಸೂರ್ಯ ಮುಳುಗಿದ ಮೇಲೆ ಇಲ್ಲ, ಶನಿವಾರ ಅಂತೂ ಇಲ್ಲವೇ ಇಲ್ಲ. ಸೋಮವಾರ ಬೆಳಿಗ್ಗೆ ಪುಸ್ತಕ ಮುಂದಿಟ್ಟುಕೊಂಡು ಮಾತ್ರ. ಸೋಮವಾರವೇ ಹೊಸಪೇಟೆಯಿಂದ ಭಾವ ಫೋನ್ ಮಾಡುತ್ತಾರೆ. ಕೇಳೋದು ಒಂದೇ ಮಾತು, "ಈ ವಾರ ಎಷ್ಟು ಪೀಸ್?" ಕ್ಷೇಮ ಸಮಾಚಾರ ಆಮೇಲೆ. ಸೊನ್ನೆ ಅಂತ ಹೇಳಬಾರದು ಅಂತಲೇ ಎಷ್ಟೋ ಭಾನುವಾರ ಮಷಿನ್ ಮೇಲೆ ಕೂತಿದ್ದೇನೆ.

ಜಾಬ್ ವರ್ಕ್ ನಿಲ್ಲಿಸಲಿಲ್ಲ, ಮನೆ ನಡೆದದ್ದು ಅದರಿಂದ. ಸ್ವಂತದ್ದಕ್ಕೆ ಬೆಳಿಗ್ಗೆ ಐದೂವರೆಯಿಂದ ಎಂಟು. ಬಳ್ಳಾರಿ ಬೇಸಿಗೆಯಲ್ಲಿ ತಗಡಿನ ಶೆಡ್ಡಿನೊಳಗೆ ಕೈ ಬೆವರದ ಹೊತ್ತು ಅದೊಂದೇ. ವಾರಕ್ಕೆ 1,500 ಬೇರೆ ಖಾತೆಗೆ ಹಾಕುತ್ತಿದ್ದೆ, ಬಟ್ಟೆಗೆ ಬಿಟ್ಟು ಬೇರೆ ಯಾವುದಕ್ಕೂ ಮುಟ್ಟಲಿಲ್ಲ. ಮಧ್ಯೆ ಲೇಡೀಸ್ ಜೀನ್ಸ್‌ಗೆ ಕೈ ಹಾಕಿ ಎರಡು ಲಾಟು ಕಳೆದುಕೊಂಡೆ. ಸೈಜೇ ಬೇರೆ ಲೋಕ ಅದು. ಕಾರ್ಗೋ ಪ್ಯಾಂಟು ಮಾತ್ರ ಚೆನ್ನಾಗಿ ಹೋಯಿತು.

2023ರ ದೀಪಾವಳಿಗೆ ಅಡ ಇಟ್ಟ ಬಂಗಾರ ಬಿಡಿಸಿಕೊಂಡು ಬಂದೆ. ಸಾಲ ಈಗ 40,000ದಷ್ಟು ಉಳಿದಿದೆ. ಮಾವನವರು ಹೋದ ಹಬ್ಬಕ್ಕೆ ನನ್ನ ಲೇಬಲ್ಲಿನದೇ ಪ್ಯಾಂಟು ಹಾಕಿಕೊಂಡು ಬಂದಿದ್ದರು, 38ರ ಸೊಂಟ, ಸರಿಯಾಗಿ ಕೂತಿತ್ತು.

ನೋಟ್‌ಬುಕ್ ಈಗ ಮೂರನೇದು. ಹೋದ ಶನಿವಾರ ರಾತ್ರಿಯದೂ ಒಂದು ಬರೆದಿದ್ದೇನೆ: ಸಿಂಧನೂರಿನ ದುಡ್ಡು ಬಂದಿಲ್ಲ, ನಿದ್ದೆ ನಾಲ್ಕು ತಾಸು. ಸೋಮವಾರ ದುಡ್ಡು ಬಂತು, ಹೊಸ ರೋಲಿನ ಎರಡು ಚೌಕ ವಾಷಿಂಗ್‌ಗೆ ಹೋದವು.