ಸ್ಟವ್ ತಗೊಂಡು ವಿಮಾನ ಹತ್ತೋಕಾಗಲ್ಲ ಅಂದೋರಿಗೆ: ನನ್ನ ಅನುಭವ

"ಆ ಪಂಪ್ ಸ್ಟವ್ ಹುಚ್ಚು ಬಿಡು ಮಾರಾಯ, ಹೋದ ಕಡೆ ಒಂದು ಚಿಕ್ಕ ಗ್ಯಾಸ್ ಬರ್ನರ್ ತಗೋ, ಮುಗೀತು" ಅಂತ ನಮ್ ಟ್ರೆಕ್ಕಿಂಗ್ ಗ್ಯಾಂಗಲ್ಲಿ ಹೇಳದೇ ಇದ್ದೋರೇ ಇಲ್ಲ. ಪಂಪ್ ಸ್ಟವ್ ಅಂದ್ರೆ ಬಾಟಲಲ್ಲಿ ಪೆಟ್ರೋಲ್, ಸೀಮೆಎಣ್ಣೆ ಥರ ದ್ರವ ಇಂಧನ ತುಂಬಿ, ಪಂಪ್ ಒತ್ತಿ ಉರಿಸೋ ಸ್ಟವ್. ಮೊದಲ್ನೇ ಸ್ಟವ್ ಕಳ್ಕೊಂಡ ಮೇಲೆ ನೆನಪಲ್ಲೇ ಲೆಕ್ಕ ಹಾಕಿದ್ರೆ 14-15 ಫ್ಲೈಟ್ ಆಗಿರ್ಬೇಕು, ಒಂದೇ ಸ್ಟವ್, ಒಂದೇ ಬಾಟಲ್. ಮೂರು ಸಲ ಬ್ಯಾಗ್ ಬಿಚ್ಚಿಸಿ ಮೂಸಿ ನೋಡಿದ್ದಾರೆ, ಮೂರು ಸಲಾನೂ ವಾಪಸ್ ಬ್ಯಾಗಿಗೇ ಹೋಯ್ತು. ಅದಕ್ಕೇ ಬರೀತಿದೀನಿ.

ಗ್ಯಾಸ್ ಕ್ಯಾನಿಸ್ಟರ್ ಬಗ್ಗೆ ಕೇಳ್ಬೇಡಿ. ತುಂಬಿದ್ದೂ ಇಲ್ಲ, ಅರ್ಧ ಇದ್ದಿದ್ದೂ ಇಲ್ಲ, ಕ್ಯಾಬಿನ್ನಲ್ಲೂ ಇಲ್ಲ, ಚೆಕ್-ಇನ್ನಲ್ಲೂ ಇಲ್ಲ. ಇಲ್ಲಿ ಮಾತು ಆ ಪಂಪ್ ಇರೋ ಲಿಕ್ವಿಡ್ ಸ್ಟವ್‌ದು ಮಾತ್ರ.

ಮೊದಲ್ನೇ ಸಲ ನಾನು ಮಾಡಿದ್ದು ಎಲ್ಲರೂ ಮಾಡೋದೇ. ಬಾಟಲ್ ಖಾಲಿ ಮಾಡಿ ನೀರಲ್ಲಿ ಎರಡು ಸಲ ಗಲಬರಿಸಿ, ಬರ್ನರ್ ಮೇಲಿನ ಮಸಿ ಒರೆಸಿ, ಮುಚ್ಚಳ ಗಟ್ಟಿಯಾಗಿ ತಿರುಗಿಸಿ ಬ್ಯಾಗಿಗೆ ಹಾಕ್ದೆ. ಗಾಳಿಗಿಡದೇ ಮುಚ್ಚಳ ಹಾಕಿದ್ದೇ ತಪ್ಪು. ಒಳಗೆ ಉಳಿದ ಒಂದೆರಡು ಹನಿ ಇಡೀ ರಾತ್ರಿ ಆವಿಯಾಗಿ ಬಾಟಲ್ ತುಂಬಾ ಕೂತಿತ್ತು, ಸೆಕ್ಯುರಿಟಿಯವರು ತಿರುಗಿಸಿದ ತಕ್ಷಣ ಪಕ್ಕದಲ್ಲಿ ನಿಂತಿದ್ದ ನನಗೇ ಘಮ್ಮಂತು. ಸ್ಟವ್ವೂ ಹೋಯ್ತು, ಬಾಟಲ್ಲೂ ಹೋಯ್ತು. ಆ ಸ್ಟವ್ ಬೆಲೆ ಹೆಚ್ಚು ಕಮ್ಮಿ ಆ ಟ್ರಿಪ್ಪಿನ ಒಂದು ಕಡೆ ಟಿಕೆಟ್ಟಿನಷ್ಟು, ಇಳಿದ ಮೇಲೆ ಅಲ್ಲಿ ಇನ್ನೊಂದು ತಗೊಂಡೆ, ಅಂದ್ರೆ ಒಂದೇ ವಾರದಲ್ಲಿ ಎರಡು ಸ್ಟವ್ ದುಡ್ಡು. ಹೊಟ್ಟೆ ಉರೀತು.

ಎರಡ್ನೇ ಸಲ ಹಠಕ್ಕೆ ಬಿದ್ದು ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿ ಬಿಸಿನೀರಲ್ಲಿ ಪಂಪ್ ಸಮೇತ ಎಲ್ಲಾ ನೆನೆಹಾಕ್ದೆ. ವಾಸನೆ ಹೋಯ್ತು, ವಿಮಾನಾನೂ ಹತ್ತಿಸಿದ್ರು. ಆದ್ರೆ ಪಂಪಿನ ಲೆದರ್ ಕಪ್ಪಲ್ಲಿದ್ದ ಜಿಡ್ಡೂ ಸೋಪಿನ ಜೊತೆ ಹೋಗಿತ್ತು, ಕ್ಯಾಂಪಲ್ಲಿ ಎಷ್ಟು ಒತ್ತಿದ್ರೂ ಪ್ರೆಶರ್ ಇಲ್ಲ, ಕೊನೆಗೆ ಲಿಪ್ ಬಾಮ್ ಸವರಿ ಜೀವ ಬರ್ಸಿದ್ದು. ಈಗ ತೊಳೆದ ಮೇಲೆ ಆ ಕಪ್ಪಿಗೆ ಒಂದು ತೊಟ್ಟು ಎಣ್ಣೆ ತಪ್ಪಿಸಲ್ಲ.

ಆಮೇಲೆ ಕೂತ್ಕೊಂಡು ನಿಯಮ ಓದ್ದೆ, ಮೊದಲೇ ಓದ್ಬೇಕಿತ್ತು. ಬಳಸಿದ ಸ್ಟವ್‌ಗೆ ಐಎಟಿಎ (ವಿಮಾನ ಕಂಪನಿಗಳ ಅಂತಾರಾಷ್ಟ್ರೀಯ ಸಂಘ) ನಿಯಮದಲ್ಲೇ ದಾರಿ ಇದೆ: ಚೆಕ್-ಇನ್ ಬ್ಯಾಗಲ್ಲಿ ಮಾತ್ರ, ಏರ್‌ಲೈನ್ ಒಪ್ಪಿಗೆ ಬೇಕು, ಇಂಧನ ಸುರಿದು ಕನಿಷ್ಠ 1 ಗಂಟೆ ಬಸಿಯೋಕೆ ಬಿಟ್ಟು, ಮುಚ್ಚಳ ತೆಗೆದು ಕನಿಷ್ಠ 6 ಗಂಟೆ ಗಾಳಿಗಿಡ್ಬೇಕು. ಇಲ್ಲಾಂದ್ರೆ ಅಡುಗೆ ಎಣ್ಣೆ ಹಾಕಿ ಕುಲುಕಿ ಚೆಲ್ಲೋದು, ಉಳಿದಿದ್ದು ಸುಲಭಕ್ಕೆ ಹೊತ್ಕೊಳ್ಳಲ್ಲ ಅಂತ. ಕೊನೆಗೆ ಮುಚ್ಚಳ ಬಿಗಿ ಮಾಡಿ, ಟಿಶ್ಯೂ ಥರ ಹೀರೋ ಕಾಗದ ಸುತ್ತಿ, ಪಾಲಿಥಿನ್ ಕವರಲ್ಲಿ ಹಾಕಿ ಬಾಯಿಗೆ ರಬ್ಬರ್ ಬ್ಯಾಂಡ್.

ಎಣ್ಣೆ ವಿಧಾನ ಒಂದೇ ಸಲ ಮಾಡಿದ್ದು, ಇನ್ನು ಸಾಯೋವರೆಗೂ ಮಾಡಲ್ಲ. ಏರ್‌ಪೋರ್ಟಲ್ಲಿ ಸಲೀಸಾಗಿ ಪಾಸಾಯ್ತು. ಆದ್ರೆ ಬಾಟಲ್ ತಳದಲ್ಲಿ ಅಂಟಿದ್ದ ಎಣ್ಣೆ ಅಲ್ಲಿ ತುಂಬಿದ ಇಂಧನಕ್ಕೆ ಸೇರಿ ಎರಡ್ನೇ ದಿನವೇ ಜೆಟ್ (ಇಂಧನ ಚಿಮ್ಮೋ ಸಣ್ಣ ತೂತಿನ ಭಾಗ) ಕಟ್ಕೊಂಡು ಜ್ವಾಲೆ ಹಳದಿ ತಿರುಗ್ತು, ಚಳೀಲಿ ಗ್ಲೌಸ್ ಬಿಚ್ಚಿ ಕೂದಲಷ್ಟು ತೂತು ಕ್ಲೀನ್ ಮಾಡ್ತಾ ಕೂತಿದ್ದು ಈಗ್ಲೂ ನೆನಪಿದೆ.

ಗಾಳಿಗಿಡೋದೇ ಸರಿಯಾದ ದಾರಿ, ಆದ್ರೆ ನನ್ನ ಸ್ಟವ್‌ಗೆ 6 ಗಂಟೆ ಸಾಕಾಗ್ಲಿಲ್ಲ. ಯಾಕೆ ಅಂತ ತಿಳಿಯೋಕೆ ಒಂದಿಡೀ ಸೀಸನ್ ಬೇಕಾಯ್ತು. ವಾಸನೆ ಬಾಟಲಲ್ಲಿ ಮಾತ್ರ ಇರಲ್ಲ, ಇನ್ನೆರಡು ಕಡೆ ಅವಿತಿರುತ್ತೆ. ಒಂದು, ಪ್ರೈಮಿಂಗ್ ಕಪ್ಪಿನ (ಮೊದಲು ಸ್ವಲ್ಪ ಇಂಧನ ಹಾಕಿ ಉರಿಸಿ ಬರ್ನರ್ ಬಿಸಿ ಮಾಡೋ ಬಟ್ಟಲು) ತಳದಲ್ಲಿರೋ ಬತ್ತಿ, ಸ್ಪಂಜಿನ ಥರ ಕುಡಿದು ಕೂತಿರುತ್ತೆ. ಇನ್ನೊಂದು, ಇಂಧನದ ಪೈಪೊಳಗಿನ ಕೇಬಲ್. ಜೆಟ್ ಬಿಚ್ಚಿ ಕೇಬಲ್ ತುದಿ ಹಿಡಿದು ಎಳೆದ್ರೆ ಕಪ್ಪು ಜಿಡ್ಡು ಮೆತ್ಕೊಂಡೇ ಬರುತ್ತೆ, ಒರೆಸಿದ ಬಟ್ಟೆ ಮೇಲೆ ಉದ್ದಕ್ಕೆ ಕಾಡಿಗೆ ಗೀಟು. ಅದನ್ನ ನೋಡಿದ ದಿನವೇ ಅರ್ಥ ಆಯ್ತು ನಾನು ಇಷ್ಟು ದಿನ ತೊಳೀತಿದ್ದಿದ್ದು ತೊಳೀಬೇಕಾದ ಜಾಗಾನೇ ಅಲ್ಲ ಅಂತ.

ಈಗ ಮಾಡೋದು ಹೀಗೆ. ಇಂಧನ ಮುಗಿಯೋವರೆಗೂ ಉರಿಸಿ, ಆರಿದ ಮೇಲೆ ಪೂರ್ತಿ ಬಿಚ್ತೀನಿ. ಬಾಟಲ್ಲು, ಪೈಪು, ಬರ್ನರ್ ಸೋಪ್ ನೀರಲ್ಲಿ, ಕೇಬಲ್ಲಿಗೆ ಹಳೇ ಟೂತ್‌ಬ್ರಶ್. ನೀರು ಪೂರ್ತಿ ಒಣಗಿದ ಮೇಲೆ ಎರಡು ಮುಚ್ಚಳದಷ್ಟು ಐಸೊಪ್ರೊಪೈಲ್ ಸ್ಪಿರಿಟ್ ಬಾಟಲಿಗೆ ಹಾಕಿ ಕುಲುಕಿ ಸುರಿದು ಎರಡು ದಿನ ಬಾಯಿ ತೆಗೆದು ಹೊರಗಿಡ್ತೀನಿ, ಮನೆಯೊಳಗೆ ಬೇಡ, ಒಲೆ ಹತ್ರ ಅಂತೂ ಬೇಡವೇ ಬೇಡ. ಬತ್ತಿಗೆ ಏನ್ಮಾಡ್ತೀನಿ ಅನ್ನೋದು ಮಾತ್ರ ಇಲ್ಲಿ ಹೇಳಲ್ಲ, ಅಷ್ಟು ದುಡ್ಡು ಕಳ್ಕೊಂಡು ಕಲ್ತಿದ್ದು, ಅದೊಂದು ನನ್ನ ಹತ್ರ ಇರ್ಲಿ.

ಆಮೇಲೆ ಪರೀಕ್ಷೆ. ಎಲ್ಲಾ ಒಂದು ಕವರಲ್ಲಿ ಹಾಕಿ ಬಾಯಿ ಕಟ್ಟಿ ಬೆಚ್ಚಗಿನ ಜಾಗದಲ್ಲಿ ಒಂದು ರಾತ್ರಿ. ಬೆಳಿಗ್ಗೆ ಕವರ್ ಬಿಚ್ಚಿ ಬೇರೆಯವರ ಕೈಲಿ ಮೂಸಿಸ್ಬೇಕು, ನಮ್ಮ ಮೂಗು ಆ ವಾಸನೆಗೆ ಒಗ್ಗಿಹೋಗಿರುತ್ತೆ. ನನ್ನ ಹೆಂಡ್ತಿ ಮೂಗು ಯಾವ ಮಿಷನ್ನಿಗೂ ಕಮ್ಮಿ ಇಲ್ಲ, ಅವಳು "ಊಹ್ಞೂಂ" ಅಂದ್ರೆ ಇನ್ನೊಂದು ದಿನ ಗಾಳಿಗೆ. ವಾಸನೆ ಹೀರ್ಲಿ ಅಂತ ಬಾಟಲಿಗೆ ಕಾಫಿಪುಡಿ ಹಾಕಿ ನೋಡಿದ್ದೂ ಆಯ್ತು, ಕಾಫಿ ವಾಸನೆ ಬರೋ ಪೆಟ್ರೋಲ್ ಆಯ್ತು, ಅಷ್ಟೇ. ಅಡುಗೆ ಸೋಡ ಪರವಾಗಿಲ್ಲ, ಆದ್ರೆ ಮೂಲೇಲಿ ಉಳ್ಕೊಂಡ ಪುಡಿ ಕೆರೆಯೋದು ಇನ್ನೊಂದು ಕೆಲಸ.

ಏರ್‌ಲೈನ್ ಒಪ್ಪಿಗೆ ಬಗ್ಗೆ: ಫೋನ್ ಮಾಡ್ಬೇಡಿ, ಮೇಲ್ ಮಾಡಿ, ಅದೂ ಟಿಕೆಟ್ ತಗೊಳ್ಳೋಕೆ ಮುಂಚೆ. ಕೆಲವು ಕಂಪನಿಗಳು ಬಳಸಿದ ಸ್ಟವ್ ಅಂದ್ರೆ ಸುತರಾಂ ಒಪ್ಪಲ್ಲ. ಒಂದು ಕಂಪನಿಯವರು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ "ನಿಯಮಾನುಸಾರ" ಅಂತ ಉತ್ತರ ಕಳಿಸಿದ್ರು, ಕೌಂಟರಲ್ಲಿ ಅದಕ್ಕೆ ಮೂರು ಕಾಸಿನ ಬೆಲೆ ಇರ್ಲಿಲ್ಲ. ಹೌದು ಅಂತ ಸ್ಪಷ್ಟವಾಗಿ ಬರೆಸ್ಕೊಂಡು ಪ್ರಿಂಟ್ ತೆಗೆದು, ಒಂದು ಕಾಪಿ ಸ್ಟವ್ ಕವರ್ ಮೇಲೇ ಅಂಟಿಸಿಡ್ತೀನಿ. ನಾವಿಲ್ಲದ ಕಡೆ ಬ್ಯಾಗ್ ಬಿಚ್ಚಿದ್ರೆ ನಮ್ಮ ಪರವಾಗಿ ಮಾತಾಡೋಕೆ ಅದೊಂದೇ ಇರೋದು.

ನಿಜವಾದ ತಲೆನೋವು ವಾಪಸ್ ಬರೋವಾಗ. ಬೆಟ್ಟ ಇಳಿದು ಒಂದೇ ರಾತ್ರಿ ಇರುತ್ತೆ, ಬಿಸಿನೀರು ಸಿಕ್ರೆ ಪುಣ್ಯ. ಅದಕ್ಕೇ ನಾನು ಕಡೇ ಸಲ ತುಂಬಿಸೋದು ವೈಟ್ ಗ್ಯಾಸ್ ಮಾತ್ರ, ಹೆಸರಲ್ಲಿ ಗ್ಯಾಸ್ ಇದ್ರೂ ಅದು ಶುದ್ಧ ಮಾಡಿದ ಪೆಟ್ರೋಲಿನಂಥ ದ್ರವ. ಸೀಮೆಎಣ್ಣೆ ಕೆಲವು ಕಡೆ ಸುಲಭಕ್ಕೆ ಸಿಗಬಹುದು, ಆದ್ರೆ ಬೇಗ ಆರೋದೇ ಇಲ್ಲ, ಅದರ ಜಿಡ್ಡು ವಾಸನೆ 6 ಗಂಟೆ ಅಲ್ಲ 60 ಗಂಟೆ ಇಟ್ರೂ ಹಾಗೇ. ವೈಟ್ ಗ್ಯಾಸ್ ಬೇಗ ಹಾರಿಹೋಗುತ್ತೆ. ಉಳಿದ ಇಂಧನ ಬೆಟ್ಟ ಹತ್ತೋಕೆ ಹೊರಟೋರಿಗೆ ಕೊಟ್ಬಿಡ್ತೀನಿ, ಮೋರಿಗೆ ಸುರಿಯಲ್ಲ. ಕೊನೇ ದಿನ ತಣ್ಣಗಿರೋದೇ ತಿಂದು, ಸ್ಟವ್ ಹಿಂದಿನ ದಿನವೇ ಬಿಚ್ಚಿಟ್ರೆ ಸಮಯ ಸಾಕಾಗುತ್ತೆ.

ಇಂಧನದ ಹೆಸರು ಇನ್ನೊಂದು ಗೋಳು. ಆಸ್ಟ್ರೇಲಿಯಾದಲ್ಲಿ ವೈಟ್ ಗ್ಯಾಸನ್ನ ಶೆಲೈಟ್ ಅಂತಾರೆ. ಬ್ರಿಟನ್ನಲ್ಲಿ ಪ್ಯಾರಫಿನ್ ಅಂದ್ರೆ ಸೀಮೆಎಣ್ಣೆ. ಜರ್ಮನ್ ಮಾತಾಡೋ ಕಡೆ ಪೆಟ್ರೋಲಿಯಂ ಅಂತ ಕೇಳಿದ್ರೆ ಸೀಮೆಎಣ್ಣೆ ಕೊಡ್ತಾರೆ, ಪೆಟ್ರೋಲಿಗೆ ಬೆಂಜಿನ್ ಅನ್ಬೇಕು. ಹೆಸರು ನಂಬ್ಕೊಂಡು ಒಂದ್ಸಲ ಆ ಇಂಧನಕ್ಕೆ ಹೊಂದದ ಜೆಟ್ ಹಾಕಿ ಟೆಂಟ್ ಮುಂದೆ ಹೊಗೆ ಎಬ್ಬಿಸಿದ್ದೀನಿ.

ಮಿಕ್ಕಿದ್ದು ಬೇಗ ಹೇಳ್ತೀನಿ. ಘನ ಇಂಧನದ ಬಿಲ್ಲೆಗಳು ಎಲ್ಲೂ ಬಿಡಲ್ಲ, ಒಂದು ಡಬ್ಬಿ ಕಳ್ಕೊಂಡಿದ್ದೀನಿ. ಕರಡಿ ಓಡಿಸೋ ಸ್ಪ್ರೇ ಬೇಕಿದ್ರೆ ವಿಮಾನ ಇಳಿದ ಮೇಲೆ ತಗೊಳ್ಳಿ. ಪವರ್ ಬ್ಯಾಂಕ್ ಕ್ಯಾಬಿನ್ನಲ್ಲೇ ಇರ್ಬೇಕು, 100 ವ್ಯಾಟ್-ಅವರ್ ಒಳಗಿದ್ರೆ ಸಾಮಾನ್ಯವಾಗಿ ಒಪ್ಪಿಗೆ ಬೇಡ, 20,000 ಎಂಎಎಚ್‌ದು ಸುಮಾರು 74 ಬರುತ್ತೆ. ನನ್ನದು ಅಷ್ಟೇ ಇತ್ತು, ಆದ್ರೆ ಬ್ಯಾಗಲ್ಲಿ ಉಜ್ಜಿ ಉಜ್ಜಿ ಮೇಲಿನ ಅಕ್ಷರ ಅಳಿಸಿಹೋಗಿತ್ತು, ಓದೋಕಾಗಲ್ಲ ಅಂತ ಕಿತ್ಕೊಂಡ್ರು. ಈಗ ಹೊಸದು ತಂದ ದಿನವೇ ಅಕ್ಷರದ ಮೇಲೆ ಪಾರದರ್ಶಕ ಟೇಪ್.

ಗ್ಯಾಂಗಲ್ಲಿ ಎಲ್ಲರಿಗಿಂತ ಜಾಸ್ತಿ ನಕ್ಕೋನು ಹೋದ ತಿಂಗಳು ಫೋನ್ ಮಾಡಿ "ಲೋ, ಆ ಬತ್ತಿಗೆ ಏನೋ ಮಾಡ್ತೀಯ?" ಅಂತ ಕೇಳ್ದ. ಮೊದ್ಲು ಕೇಬಲ್ ಎಳೆದು ನೋಡು, ಆಮೇಲೆ ಮಾತಾಡೋಣ ಅಂದೆ.