ಚಕ್ರ ಗೊರಗುಟ್ಟಿದರೆ: ಬೈಕಿನ ವೀಲ್ ಬೇರಿಂಗ್ ಬದಲಿಸುವ ಬಗೆ

ಆಯುಧಪೂಜೆಯ ಹಿಂದಿನ ದಿನ ಮಂಡ್ಯದ ಯಾವ ವಾಟರ್ ಸರ್ವೀಸಿಗೆ ಹೋದರೂ ಬೈಕುಗಳ ಸಾಲು. ಹುಡುಗ ಪ್ರೆಷರ್ ಪೈಪ್ ಹಿಡಿದು ಸೀದಾ ಚಕ್ರದ ನಡುವಿಗೇ, ಆಕ್ಸಲ್ (ಚಕ್ರದ ನಡುವೆ ಹಾಯುವ ಸರಳು) ಪಕ್ಕಕ್ಕೇ ನೀರು ಬಿಡುತ್ತಾನೆ. ಗದ್ದೆಯ ಕೆಸರೆಲ್ಲ ಕಿತ್ತುಹೋಯಿತೆಂದು ಗಾಡಿಯವರಿಗೂ ಖುಷಿ. ಅದೇ ನೀರು ಸೀಲ್ ದಾಟಿ ಒಳಗಿನ ಗ್ರೀಸಿಗೆ ಸೇರಿದ್ದು ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ವೀಲ್ ಬೇರಿಂಗ್, ಅಂದರೆ ಚಕ್ರ ಆಕ್ಸಲ್ ಮೇಲೆ ಸಲೀಸಾಗಿ ತಿರುಗಲೆಂದು ಒಳಬಳೆ ಹೊರಬಳೆಗಳ ನಡುವೆ ಗುಂಡುಗಳನ್ನು ಇಟ್ಟಿರುವ ಭಾಗ, ಓಡಿ ಓಡಿ ಸವೆಯುವುದಕ್ಕಿಂತ ಹೀಗೆ ನೀರು ಕುಡಿದು ಕೆಡುವುದೇ ಹೆಚ್ಚು. ಅದು ಬಿಟ್ಟರೆ, ಕೂರಿಸುವಾಗ ತಿಂದ ಸುತ್ತಿಗೆ ಏಟಿನಿಂದ.

ಮೊದಲು ರೋಗ ಯಾವುದೆಂದು ಖಾತ್ರಿ ಮಾಡಿಕೊಳ್ಳಿ. ಓಡುವಾಗ ಬರುವ ಗೊರಗೊರ ಸದ್ದು ಕ್ಲಚ್ ಹಿಡಿದರೂ ನಿಲ್ಲದೆ, ವೇಗ ಇಳಿದಂತೆ ಮಾತ್ರ ಇಳಿಯುತ್ತಿದ್ದರೆ ಅದು ಎಂಜಿನ್ನಿನದಲ್ಲ, ಚಕ್ರದ ಕಡೆಯದು. ಗಾಡಿಗೆ ಸೆಂಟರ್ ಸ್ಟ್ಯಾಂಡ್ ಹಾಕಿ, ಚಕ್ರವನ್ನು ಮೇಲೊಂದು ಕೆಳಗೊಂದು ಕೈಯಲ್ಲಿ ಹಿಡಿದು ಅಡ್ಡಡ್ಡ ಅಲ್ಲಾಡಿಸಿ. ಕಟಕಟ ಎಂದು ಆಡಿದರೆ ಬೇರಿಂಗ್ ಮೇಲೆ ಅನುಮಾನ. ಹಿಂದಿನ ಚಕ್ರವಾದರೆ ಜೊತೆಗೆ ಆ ಚಕ್ರವನ್ನು ಹಿಡಿದಿರುವ ತೋಳು, ಸ್ವಿಂಗ್ ಆರ್ಮೂ ಅಲುಗುತ್ತಿದೆಯೇ ನೋಡಿ. ಅಲುಗಿದರೆ ತಪ್ಪು ಅದರ ಕೀಲಿನ ಬುಷ್‌ನದು. ಕೊನೆಯ ತೀರ್ಪು ಆಕ್ಸಲ್ ಎಳೆದ ಮೇಲೆ: ಬೇರಿಂಗಿನ ಒಳಬಳೆಗೆ ಬೆರಳು ತೂರಿಸಿ ನಿಧಾನಕ್ಕೆ ತಿರುಗಿಸಿ. ಒಳ್ಳೆಯದು ಬೆಣ್ಣೆಯಂತೆ ತಿರುಗುತ್ತದೆ. ಕೆಟ್ಟದ್ದು ಅಲ್ಲಲ್ಲಿ ಸಿಕ್ಕಿಕೊಂಡು ಮುಂದೆ ಹೋಗುತ್ತದೆ, ಕೆಲವೊಮ್ಮೆ ಬೆರಳಿಗೆ ತುಕ್ಕಿನ ಕೆಂಪು ಹತ್ತುತ್ತದೆ.

ಅಂಗಡಿಗೆ ಹೋಗುವಾಗ ಗಾಡಿಯ ಹೆಸರಿಗಿಂತ ಬೇರಿಂಗಿನ ನಂಬರ್ ಮುಖ್ಯ. ಅದರ ಅಂಚಿನಲ್ಲೇ ಕೊರೆದಿರುತ್ತದೆ. 6202 ಎಂದರೆ ಒಳವ್ಯಾಸ 15 ಮಿ.ಮೀ., ಹೊರವ್ಯಾಸ 35, ದಪ್ಪ 11. 6302ರ ಒಳವ್ಯಾಸವೂ 15 ಮಿ.ಮೀ.ನೇ, ಆದರೆ ಹೊರವ್ಯಾಸ 42, ದಪ್ಪ 13. ಒಂದಂಕಿ ತಪ್ಪಿದರೂ ವಾಪಸ್ ಓಡಬೇಕು. ನಂಬರಿನ ನಂತರ 2ಆರ್‌ಎಸ್ ಎಂದಿದ್ದರೆ ಎರಡೂ ಕಡೆ ರಬ್ಬರ್ ಸೀಲ್, ಝಡ್‌ಝಡ್ ಎಂದಿದ್ದರೆ ತಗಡಿನ ಮುಚ್ಚಳ. ನಾಲೆ ಏರಿಯ ಮೇಲೆ, ಕಬ್ಬಿನ ಗದ್ದೆ ದಾರಿಯಲ್ಲಿ ಓಡುವ ಗಾಡಿಗೆ ರಬ್ಬರ್ ಸೀಲಿನದೇ ಇರಲಿ. ತಗಡು ಧೂಳನ್ನು ತಡೆದೀತು, ನೀರನ್ನಲ್ಲ. ಒಂದು ಹೋಗಿದ್ದರೂ ಜೋಡಿಯಾಗಿ ಬದಲಿಸಿ, ಬೇರಿಂಗಿನ ಹೊರಗೆ ಕೂರುವ ಆಯಿಲ್ ಸೀಲೂ ಹೊಸದೇ ತನ್ನಿ.

ಬಿಚ್ಚುವ ಕೆಲಸ ಕಷ್ಟದ್ದಲ್ಲ. ಚಕ್ರ ನೆಲದ ಮೇಲಿರುವಾಗಲೇ ಆಕ್ಸಲ್ ನಟ್ ಸಡಿಲಿಸಿ, ಆಮೇಲೆ ಗಾಡಿ ಎತ್ತಿ. ಆಕ್ಸಲ್ ಮೇಲಿನ ಬಳೆಗಳಲ್ಲಿ ಯಾವ ಕಾಲರ್ ಎಡಕ್ಕೆ, ಯಾವುದು ಬಲಕ್ಕೆ, ಸ್ಪೀಡೊಮೀಟರ್ ಗೇರ್ ಹೇಗೆ ಕೂತಿತ್ತು ಎಂದು ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಸೀಲನ್ನು ಸ್ಕ್ರೂಡ್ರೈವರಿನಿಂದ ಮೀಟಿ ತೆಗೆಯಿರಿ. ಕೆಲವು ಹಬ್‌ಗಳಲ್ಲಿ (ಬೇರಿಂಗ್ ಕೂರುವ ಚಕ್ರದ ನಡುಭಾಗ) ಬೇರಿಂಗಿನ ಮೇಲೊಂದು ಸರ್‌ಕ್ಲಿಪ್, ಅದು ಹೊರಬರದಂತೆ ತಡೆಯುವ ಬಳೆ, ಇರುತ್ತದೆ, ಅದನ್ನು ನೋಡದೆ ಬಡಿದರೆ ಹಬ್ಬೇ ಸೀಳೀತು. ಎರಡು ಬೇರಿಂಗಿನ ನಡುವೆ ಒಂದು ಕೊಳವೆ ಇದೆಯಲ್ಲ, ಸ್ಪೇಸರ್, ಅದನ್ನು ಪಕ್ಕಕ್ಕೆ ಸರಿಸಿ, ಉದ್ದನೆಯ ರಾಡಿನ ತುದಿಯನ್ನು ಎದುರು ಬೇರಿಂಗಿನ ಒಳಬಳೆಯ ಅಂಚಿಗೆ ಕೊಟ್ಟು, ಸುತ್ತಲೂ ಸ್ವಲ್ಪ ಸ್ವಲ್ಪವೇ ಬಡಿಯಿರಿ. ಒಂದೇ ಕಡೆ ಬಡಿದರೆ ಓರೆಯಾಗಿ ಕಚ್ಚಿಕೊಳ್ಳುತ್ತದೆ. ಹೀಗೆ ತೆಗೆದ ಬೇರಿಂಗನ್ನು ಮತ್ತೆ ಹಾಕುವಂತಿಲ್ಲ, ಅದರ ಗುಂಡುಗಳೆಲ್ಲ ಏಟು ತಿಂದಿರುತ್ತವೆ.

ಹೆಚ್ಚಿನವರು ಎಡವುವುದು ಕೂರಿಸುವಾಗ. ಹೊಸ ಬೇರಿಂಗನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ರಾತ್ರಿ ಫ್ರೀಜರಿನಲ್ಲಿಡಿ, ಬೆಳಿಗ್ಗೆ ಹಬ್ಬನ್ನು ಹೀಟ್ ಗನ್ನಿನಿಂದ ಬಿಸಿ ಮಾಡಿ. ಅಲ್ಯೂಮಿನಿಯಂ ಹಿಗ್ಗುತ್ತದೆ, ಬೇರಿಂಗ್ ಕುಗ್ಗಿರುತ್ತದೆ, ಅರ್ಧ ಕೆಲಸ ಅಲ್ಲಿಗೇ ಮುಗಿಯಿತು. ಗ್ಯಾಸ್ ಬೆಂಕಿ ಬೇಡ, ಬಣ್ಣ ಟೈರು ಎರಡೂ ಹಾಳು. ಬಡಿಯುವ ಸಾಕೆಟ್ ಬೇರಿಂಗಿನ ಹೊರಬಳೆಯ ಮೇಲಷ್ಟೇ ಕೂರುವ ಅಳತೆಯದ್ದಾಗಿರಬೇಕು. ಒಳಬಳೆಗೋ ಸೀಲಿಗೋ ಏಟು ಬಿದ್ದರೆ ಹೊಸ ಬೇರಿಂಗ್ ಆಗಲೇ ಹಳೆಯದಾಯಿತು. ತಳ ಮುಟ್ಟಿದಾಗ ಸುತ್ತಿಗೆಯ ಸದ್ದು ಬದಲಾಗುತ್ತದೆ, ಟಪ್‌ಟಪ್ ಎನ್ನುತ್ತಿದ್ದದ್ದು ಠಣ್ ಎನ್ನುತ್ತದೆ, ಅಲ್ಲಿಗೆ ನಿಲ್ಲಿಸಿ.

ಈಗ ಸ್ಪೇಸರ್ ಹಾಕಿ. ಇದನ್ನು ಮರೆತು ಎರಡನೆಯ ಬೇರಿಂಗ್ ಬಡಿದು ಆಕ್ಸಲ್ ಬಿಗಿದರೆ ಎರಡೂ ಒಳಬಳೆಗಳು ಒಂದರತ್ತ ಒಂದು ಎಳೆದುಕೊಂಡು ಚಕ್ರವೇ ಬಿಗಿದುಹೋಗುತ್ತದೆ. ಎರಡನೆಯದನ್ನು ಅದರ ಒಳಬಳೆ ಸ್ಪೇಸರಿಗೆ ತಾಗುವವರೆಗೆ ಮಾತ್ರ ಇಳಿಸಿ. ಯಾವ ಬದಿಯದು ಮೊದಲು ಎಂಬುದು ಗಾಡಿಯಿಂದ ಗಾಡಿಗೆ ಬೇರೆ, ಸರ್ವೀಸ್ ಪುಸ್ತಕ ನೋಡಿ.

ಹಿಂದಿನ ಚಕ್ರದಲ್ಲಿ ಬಹಳಷ್ಟು ಬೈಕುಗಳಿಗೆ ಮೂರನೆಯದೊಂದು ಬೇರಿಂಗ್ ಇದೆ, ಚೈನ್ ಸ್ಪ್ರಾಕೆಟ್ ಕೂರುವ ಡ್ರಮ್ಮಿನೊಳಗೆ. ಡೇರಿಗೆ ಎರಡೂ ಬದಿ ಹಾಲಿನ ಕ್ಯಾನ್ ನೇತುಹಾಕಿಕೊಂಡು ಹೋಗುವವರು ಭಾರಕ್ಕೆ ಹೆದರಿ ಚೈನ್ ಬಿಗಿ ಮಾಡಿಸುತ್ತಾರೆ. ಭಾರ ಬಿದ್ದಾಗ ಅದು ಇನ್ನೂ ಬಿಗಿಯಾಗಿ ಮೊದಲು ಹೋಗುವುದು ಇದೇ. ಚೈನಿನ ಸಡಿಲ ಸಾಮಾನ್ಯವಾಗಿ 20ರಿಂದ 30 ಮಿ.ಮೀ. ಇರಲಿ.

ಜೋಡಿಸುವಾಗ ಆಕ್ಸಲಿಗೂ ಸೀಲಿನ ತುಟಿಗೂ ತೆಳುವಾಗಿ ಗ್ರೀಸ್ ಸವರಿ, ನಟ್ ಕಳಚದಂತೆ ತಡೆಯುವ ಸ್ಪ್ಲಿಟ್ ಪಿನ್ ಇದ್ದರೆ ಹೊಸದು ಹಾಕಿ. ಡಿಸ್ಕ್ ಬ್ರೇಕ್ ಇದ್ದರೆ ಹೊರಡುವ ಮುಂಚೆ ಲಿವರನ್ನು ನಾಲ್ಕಾರು ಸಲ ಒತ್ತಿ. ಇಲ್ಲದಿದ್ದರೆ ಮೊದಲ ತಿರುವಿನಲ್ಲಿ ಬ್ರೇಕ್ ಸಿಗುವುದಿಲ್ಲ.

ಸೀಲಾದ ಬೇರಿಂಗಿಗೆ ಮತ್ತೆ ಗ್ರೀಸ್ ತುಂಬುವ ಗೋಜು ಬೇಡ. ಯೆಜ್ಡಿ ಬೈಕುಗಳನ್ನು ಮಾಡುತ್ತಿದ್ದ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಮೈಸೂರಿನ ಬೀದಿಗಳಲ್ಲಿ ಯೆಜ್ಡಿಗಳು ಇನ್ನೂ ಗುಡುಗುತ್ತಿವೆ. ಅಂಥ ಹಳೆಯ ಗಾಡಿಯಲ್ಲಿ ಮುಚ್ಚಳವಿಲ್ಲದ ಬೇರಿಂಗ್ ಸಿಕ್ಕರೆ ಸೀಮೆಎಣ್ಣೆಯಲ್ಲಿ ತೊಳೆದು, ಪೂರ್ತಿ ಒಣಗಿಸಿ, ಹೊಸ ಗ್ರೀಸ್ ಒತ್ತಿ. ಒಣಗಿಸಲೆಂದು ಕಂಪ್ರೆಸರ್ ಗಾಳಿ ಬಿಟ್ಟು ಗಿರ್ರನೆ ತಿರುಗಿಸಬೇಡಿ, ಒಣ ಗುಂಡುಗಳು ಬಳೆಗಳಿಗೆ ಉಜ್ಜಿ ಗೀರುತ್ತವೆ.

ಹೊಸ ಬೇರಿಂಗ್ ಏಟೇ ಇಲ್ಲದೆ, ತಣ್ಣಗಿನ ಹಬ್ಬಿನೊಳಕ್ಕೆ ಬೆರಳಲ್ಲಿ ಒತ್ತಿದರೇ ಇಳಿದುಬಿಟ್ಟರೆ ಹಬ್ ಸವೆದಿದೆ ಎಂದರ್ಥ. ಕೆಲವು ಮೆಕ್ಯಾನಿಕ್‌ಗಳು ಹಬ್ಬಿನ ಒಳಗೋಡೆಗೆ ಪಂಚ್ ಹೊಡೆದು ಚುಕ್ಕೆ ಎಬ್ಬಿಸಿ ಬಿಗಿ ಮಾಡಿಕೊಡುತ್ತಾರೆ. ಅದಕ್ಕೆ ಒಪ್ಪಬೇಡಿ. ಲೇತ್ ಅಂಗಡಿಗೆ ಒಯ್ದು ಸ್ಲೀವ್ ಹಾಕಿಸಿ, ಆಗದಿದ್ದರೆ ಹಬ್ಬನ್ನೇ ಬದಲಿಸಿ.