ಮೊದಲ ಬದಿ ಮಾತ್ರ ಶ್ರುತಿಗೆ ಕೂಡುತ್ತಿರಲಿಲ್ಲ

ಚಿತ್ರದುರ್ಗದ ನಮ್ಮ ಮನೆಯಲ್ಲಿ ತಾತನ ಹಾರ್ಮೋನಿಯಂ ಇದೆ. ಅಮೆರಿಕದ ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’ ರೆಕಾರ್ಡು ಹಾಕಿಕೊಂಡು ಜೊತೆಗೆ ನುಡಿಸುವುದು ನನಗೆ ತುಂಬಾ ಇಷ್ಟ. ನನ್ನ ಹತ್ತಿರ ಇರುವುದು 1980ರ ದಶಕದ ಮರುಮುದ್ರಣ. ಆದರೆ ಮೊದಲ ಟ್ರ್ಯಾಕ್ ಜೊತೆ ಬಿಳಿ ಎರಡು (ಅಂದರೆ D ಸ್ವರದ ಮನೆ) ಒತ್ತಿದರೆ ಸ್ವರ ಕೂಡುತ್ತಲೇ ಇರಲಿಲ್ಲ. ರೆಕಾರ್ಡು ಒಂದು ಕೂದಲೆಳೆ ಮೇಲೆ. ನಡುವೆ ಗುಂಯ್ ಗುಂಯ್ ಅಂತ ಅಲೆ.

ಪ್ಲೇಯರ್ ಜಾಸ್ತಿ ವೇಗವಾಗಿ ತಿರುಗುತ್ತಿದೆ ಅಂದುಕೊಂಡೆ. ವೇಗ ಪರೀಕ್ಷಿಸುವ 180 ಗೆರೆಗಳ ಸ್ಟ್ರೋಬ್ ಚಕ್ರ ಪ್ರಿಂಟ್ ತೆಗೆಸಿ, ತಟ್ಟೆಯ ಮೇಲಿಟ್ಟು, ಚೋಕ್ ಇರುವ ಹಳೇ ಟ್ಯೂಬ್‌ಲೈಟ್ ಹಾಕಿದೆ. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಆ ಲೈಟು ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. ನಿಮಿಷಕ್ಕೆ 33⅓ ಸುತ್ತು ಸರಿ ಇದ್ದರೆ ಗೆರೆಗಳು ನಿಂತ ಹಾಗೆ ಕಾಣಬೇಕು. ನಿಂತೇ ಇದ್ದವು!

ಆಮೇಲೆ ಎರಡನೇ ಬದಿ ಹಾಕಿದೆ. ಹಾಲಿಗೆ ಸಕ್ಕರೆ ಬೆರೆತ ಹಾಗೆ ಕೂಡಿತು.

ಹುಡುಕಿ ಓದಿದಾಗ ಗೊತ್ತಾಯಿತು. 1959ರ ಮಾರ್ಚ್ 2ರಂದು ಮೊದಲ ಬದಿಯ ಮೂರು ಟ್ರ್ಯಾಕ್ ಮುದ್ರಿಸುವಾಗ ಟೇಪ್ ಯಂತ್ರ ನಿಧಾನವಾಗಿ ಓಡಿತ್ತು. ಹಾಗಾಗಿ ಸರಿಯಾದ ವೇಗದಲ್ಲಿ ಕೇಳಿದರೆ ಶ್ರುತಿ ಏರುತ್ತದೆ. ಎರಡನೇ ಬದಿಯದು ಏಪ್ರಿಲ್ 22ರ ಮುದ್ರಣ, ಅದಕ್ಕೆ ಈ ತೊಂದರೆ ಇಲ್ಲ. ಸರಿಪಡಿಸಿದ ಆವೃತ್ತಿಗಳು ಬಂದದ್ದು 1990ರ ದಶಕದಲ್ಲಿ. ಹಳೇ ಮರುಮುದ್ರಣ ಕೊಳ್ಳುವವರು ಇದನ್ನು ನೋಡಿಕೊಳ್ಳಬೇಕು, ಅಲ್ವಾ?

ನನ್ನ ಪ್ಲೇಯರ್‌ನಲ್ಲಿ ವೇಗ ಏರಿಸಿ ಇಳಿಸುವ ಪಿಚ್ ಸ್ಲೈಡರ್ ಇದೆ. ಮತ್ತೆ ಮೊದಲ ಬದಿ ಹಾಕಿ, ಹಾರ್ಮೋನಿಯಂ ಒತ್ತಿಕೊಂಡೇ ಅದನ್ನು ಚೂರು ಚೂರು ಇಳಿಸಿದೆ. ಅಲೆ ನಿಧಾನವಾಯಿತು, ನಿಂತೇ ಹೋಯಿತು. ಆ ಜಾಗಕ್ಕೆ ಒಂದು ಬಿಂದಿ ಅಂಟಿಸಿದ್ದೇನೆ.